ಹೆವಿ ಮೆಟಲ್ ಕೇಳುವ ಕ್ರೈಸ್ತರು ತಮ್ಮ ಹಾಡುಗಳನ್ನು ಪರಿಶೋಧಿಸುವ ಬಗೆ

ಒಂದು ಭಾನುವಾರ ಆರಾಧನೆ ಮುಗಿದು ಜನ ಹೊರಬರುತ್ತಿದ್ದಾಗ ನಮ್ಮ ಸಭೆಯ ತಾಯಿಯೊಬ್ಬರು ತಮ್ಮ ಹದಿನೇಳು ವರ್ಷದ ಮಗನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು. "ಅಣ್ಣಾ, ಇವನು ಕೇಳೋ ಹಾಡು ನೀವೇ ಒಂದ್ಸಲ ಕೇಳಿ. ಕಿವೀಲಿ ಇದನ್ನ ಹಾಕ್ಕೊಂಡೇ ಮಲಗ್ತಾನೆ. ಸೈತಾನನ ಹಾಡು ಅಂತಾರೆ, ನಂಗೆ ಭಯ ಆಗುತ್ತೆ" ಎಂದರು. ಹುಡುಗ ತಲೆ ತಗ್ಗಿಸಿಕೊಂಡೇ "ಅಂಕಲ್, ನಾನು ಬೈಬಲ್ ಓದೋದು ಬಿಟ್ಟಿಲ್ಲ" ಎಂದಷ್ಟೇ ಹೇಳಿದ. ಅವನು ಕೇಳುತ್ತಿದ್ದದ್ದು ಹೆವಿ ಮೆಟಲ್, ಅಂದರೆ ಗಿಟಾರು ಡ್ರಮ್ಮುಗಳ ಅಬ್ಬರದ ರಾಕ್ ಸಂಗೀತ. ಯುವಜನ ಸಂಘದ ಹೊಣೆ ಹೊತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವೂ 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಅಲ್ಲಿ ನಮ್ಮ ಸಭೆಗಳ ಮಕ್ಕಳೂ ಇದ್ದರು. ಈ ಸಂಗೀತ ಎಲ್ಲೋ ದೂರದ ಅಮೆರಿಕದ ಸಮಸ್ಯೆ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಟಾರಿನ ಅಬ್ಬರಕ್ಕಾಗಲಿ, ಡ್ರಮ್ಮಿನ ವೇಗಕ್ಕಾಗಲಿ, ಗಾಯಕನ ಗರ್ಜನೆಗಾಗಲಿ ವಿಶ್ವಾಸಿಯ ಆತ್ಮವನ್ನು ಕೆಡಿಸುವ ಶಕ್ತಿ ತಾನಾಗಿ ಇಲ್ಲ. ಹಾಡಿನ ಮಾತಿಗೆ, ಆ ಮಾತಿನ ಹಿಂದಿನ ಉದ್ದೇಶಕ್ಕೆ, ಮತ್ತು ಕೇಳುವವನ ಬದುಕಿನಲ್ಲಿ ಆ ಹಾಡು ಹಿಡಿದಿರುವ ಜಾಗಕ್ಕೆ ಆ ಶಕ್ತಿ ಇದೆ. ಆದುದರಿಂದ "ಮೆಟಲ್ ಕೇಳಬಹುದೇ?" ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗುವುದಿಲ್ಲ, ಒಂದೊಂದು ಹಾಡನ್ನೂ ಕೈಗೆತ್ತಿಕೊಂಡು ನೋಡಬೇಕಾಗುತ್ತದೆ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದು ಪೌಲನು ಥೆಸಲೊನೀಕದವರಿಗೆ ಬರೆದನಲ್ಲವೇ? ಆ ಪರಿಶೋಧನೆಯನ್ನು ನಾವು ಹೇಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ವದಂತಿಗಳನ್ನು ಬದಿಗಿಡಿ

ಪರೀಕ್ಷೆಗೆ ಕೂರುವ ಮುನ್ನ, ಬಾಯಿಂದ ಬಾಯಿಗೆ ಬಂದ ಕಥೆಗಳನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಸುಳ್ಳಿನ ಆಧಾರದ ಮೇಲೆ ಮಗನನ್ನು ಗದರಿಸಿದರೆ, ಅದು ಸುಳ್ಳೆಂದು ಅವನಿಗೆ ತಿಳಿದ ದಿನ ನಾವು ಹೇಳುವ ಸತ್ಯವನ್ನೂ ಅವನು ನಂಬುವುದಿಲ್ಲ.

ಈ ಸಂಗೀತದ ಭಾರವಾದ ನಾದಕ್ಕೆ ಮಾಟಮಂತ್ರ ಮೂಲವೆಂಬುದು ಅಂಥ ಒಂದು ಕಥೆ. ನಡೆದದ್ದು ಬೇರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಖಾನೆಯೊಂದರಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದ ಟೋನಿ ಐಯೋಮಿ ಎಂಬ ಯುವಕ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಎಡಗೈಯಿಂದ ಮೀಟುವ ಅವನಿಗೆ ತಂತಿ ಒತ್ತಬೇಕಾದದ್ದು ಆ ಬಲಗೈಯೇ. ಬೆರಳಿಗೆ ತಾನೇ ಮಾಡಿಕೊಂಡ ಟೊಪ್ಪಿಗಳನ್ನು ತೊಡಿಸಿ, ಹಗುರವಾದ ತಂತಿಗಳನ್ನು ಕಟ್ಟಿ, ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿ ನುಡಿಸತೊಡಗಿದ. ಶ್ರುತಿ ಕೆಳಗಿಳಿದು ನಾದ ಗಾಢವಾಯಿತು. 1970ರ ಫೆಬ್ರವರಿ 13ರಂದು ಮೊದಲ ಆಲ್ಬಂ ತಂದ ಅವನ ತಂಡ ಬ್ಲ್ಯಾಕ್ ಸಬಾತ್. ಗಾಯಗೊಂಡ ಕೈ ಕಂಡುಕೊಂಡ ದಾರಿ ಅದು. ಆ ತಂಡಕ್ಕೆ ಹೆಚ್ಚಿನ ಹಾಡುಗಳನ್ನು ಬರೆದುಕೊಟ್ಟ ಗೀಜರ್ ಬಟ್ಲರ್ ಐರಿಷ್ ಮೂಲದ ಕಥೋಲಿಕ ಮನೆಯಲ್ಲಿ ಬೆಳೆದವನು. 1971ರಲ್ಲಿ ಅವನು ಬರೆದ 'ಆಫ್ಟರ್ ಫಾರೆವರ್' ಎಂಬ ಹಾಡು ದೇವರನ್ನು ಹಾಸ್ಯ ಮಾಡುವವರಿಗೆ ತಮ್ಮ ಮರಣದ ಗಳಿಗೆಯನ್ನು ನೆನಪಿಸಿಕೊಳ್ಳಲು ಹೇಳುತ್ತದೆ.

ಹಾಡನ್ನು ಹಿಂದುಮುಂದಾಗಿ ತಿರುಗಿಸಿದರೆ, ಇಲ್ಲವೇ ಒಳಗೆ ಕಿವಿಗೊಟ್ಟರೆ ಗುಪ್ತ ಆಜ್ಞೆಗಳು ಕೇಳಿಸುತ್ತವೆ ಎಂಬುದು ಇನ್ನೊಂದು ಕಥೆ. ತಮ್ಮ ಪ್ರಾಣ ತೆಗೆದುಕೊಳ್ಳಲು ಹೊರಟ ಇಬ್ಬರು ತರುಣರ ವಿಷಯದಲ್ಲಿ ಅವರ ಕುಟುಂಬಗಳು ಜೂಡಸ್ ಪ್ರೀಸ್ಟ್ ತಂಡದ ಮೇಲೆ ಹೂಡಿದ್ದ ಮೊಕದ್ದಮೆಯನ್ನು 1990ರಲ್ಲಿ ಅಮೆರಿಕದ ನೆವಾಡಾ ರಾಜ್ಯದ ನ್ಯಾಯಾಲಯ ವಿಚಾರಿಸಿತು. ಕೇಳಿಸುತ್ತದೆಂದು ಹೇಳಲಾದ ಮಾತು ಗಾಯಕನ ಉಸಿರೂ ಗಿಟಾರಿನ ಸದ್ದೂ ಆಕಸ್ಮಿಕವಾಗಿ ಬೆರೆತು ಉಂಟಾದದ್ದು ಎಂದು ಕಂಡುಕೊಂಡು, ತಂಡ ಹೊಣೆಯಲ್ಲವೆಂದು ತೀರ್ಪಿತ್ತಿತು. ನಮ್ಮ ಕೆಲವು ಉಪದೇಶಗಳಲ್ಲಿ ಆ ಆರೋಪ ಈಗಲೂ ಕೇಳಿಬರುತ್ತದೆ, ಆದರೆ ತೀರ್ಪಿನ ಪ್ರಸ್ತಾಪ ಮಾತ್ರ ಇರುವುದಿಲ್ಲ. ಇದು ನನಗೆ ನೋವಿನ ವಿಷಯ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಸಂಗೀತಗಾರರ ವಿಷಯದಲ್ಲೂ ಅನ್ವಯಿಸುತ್ತದೆ.

ರಾಗ ಲೌಕಿಕದ್ದಾದ ಮಾತ್ರಕ್ಕೆ ಅಪವಿತ್ರವಾಗದು ಎಂಬುದಕ್ಕೆ ನಮ್ಮ ಸಭೆಯ ಚರಿತ್ರೆಯೇ ಸಾಕ್ಷಿ. ಶುಭ ಶುಕ್ರವಾರದಂದು ಲೋಕದ ಅನೇಕ ಸಭೆಗಳು ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ನೆನೆದು ಹಾಡುವ ಕೀರ್ತನೆಯ ರಾಗ 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಪ್ರಕಟಿಸಿದ ಒಂದು ಪ್ರೇಮಗೀತೆಯದು. ಕನ್ನಡದಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು 1862ರ 'ಕಥಾಮಾಲೆ'ಯಲ್ಲಿ ಈ ನೆಲದ ಛಂದಸ್ಸಿಗೇ ಇಳಿಸಿದರು. ಪಾತ್ರೆಯಲ್ಲಿ ಏನಿದೆ ಎಂದು ಅವರು ನೋಡಿದರು. ನಾವೂ ಅದನ್ನೇ ನೋಡಬೇಕು. ಕೀರ್ತನೆ 150ರಲ್ಲಿ ದೇವರನ್ನು ಸ್ತುತಿಸಲು ಕರೆಯಲ್ಪಟ್ಟಿರುವ ತಾಳಗಳು ಮೆಲುದನಿಯವಂತೂ ಅಲ್ಲ.

ಹಾಗೆಂದು ಎಲ್ಲವೂ ನಿರಪಾಯವಲ್ಲ

ವದಂತಿ ಸುಳ್ಳೆಂದು ತಿಳಿದ ಹುಡುಗರು ಅನೇಕ ವೇಳೆ ಇನ್ನೊಂದು ತುದಿಗೆ ಹೋಗುತ್ತಾರೆ: "ಎಲ್ಲವೂ ನಾಟಕ, ಯಾರೂ ನಿಜವಾಗಿ ನಂಬುವುದಿಲ್ಲ" ಎನ್ನುತ್ತಾರೆ. ಇದೂ ನಿಜವಲ್ಲ. ನಾರ್ವೆಯಲ್ಲಿ 1990ರ ದಶಕದ ಆರಂಭದಲ್ಲಿ ಬ್ಲ್ಯಾಕ್ ಮೆಟಲ್ ಎಂಬ ಕವಲಿನ ಕೆಲವು ಸಂಗೀತಗಾರರು ಕ್ರೈಸ್ತ ಧರ್ಮದ ದ್ವೇಷವನ್ನು ಹಾಡಿಗಷ್ಟೇ ಸೀಮಿತಗೊಳಿಸಲಿಲ್ಲ. 1992ರ ಜೂನ್ 6ರಂದು ಬರ್ಗೆನ್ ನಗರದ ಫಾಂಟೊಫ್ಟ್‌ನಲ್ಲಿದ್ದ ಪ್ರಾಚೀನ ಮರದ ಚರ್ಚು ಸುಟ್ಟುಹೋಯಿತು. ಅದರ ಬೆನ್ನಲ್ಲೇ ಇನ್ನಷ್ಟು ಚರ್ಚುಗಳಿಗೆ ಬೆಂಕಿ ಬಿತ್ತು, ಆ ವಲಯದ ಕೆಲವರು ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ಸಾಬೀತಾಗಿ ಜೈಲಿಗೆ ಹೋದರು. ಯೇಸುವಿನ ಶಿಲುಬೆಯನ್ನು ಅವಮಾನಿಸುವುದಕ್ಕೆಂದೇ ಬರೆದ ಹಾಡುಗಳು ಈ ಸಂಗೀತದಲ್ಲಿ ಇವೆ, ಕಡಿಮೆಯೇನೂ ಇಲ್ಲ. ಅಂಥ ಹಾಡಿನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಗಾಯಕ ಅದನ್ನು ನಂಬಿ ಹಾಡಿರಲಿ, ವೇದಿಕೆಯ ವೇಷವೆಂದೇ ಹಾಡಿರಲಿ, ಕರ್ತನ ಹೆಸರನ್ನು ಹಳಿಯುವ ಸಾಲನ್ನು ನನ್ನ ನಾಲಿಗೆ ತಾಳಕ್ಕೆ ಸರಿಯಾಗಿ ಗುನುಗುತ್ತಿದ್ದರೆ ಆ ನಾಲಿಗೆ ನನ್ನದೇ. ಇದಕ್ಕೆ ಮುಂದಿನ ಯಾವ ಪರೀಕ್ಷೆಯೂ ಬೇಕಾಗಿಲ್ಲ, ಅಳಿಸಿಹಾಕಿ.

ಹಾಡನ್ನು ಕಾಗದದ ಮೇಲೆ ಓದುವುದು

ಉಳಿದ ಹಾಡುಗಳಿಗೆ ನಾವು ಮಾಡುವ ಮೊದಲ ಕೆಲಸ ಸರಳವಾದದ್ದು. ಫೋನಿನಲ್ಲಿ ಹಾಡನ್ನು ನಿಲ್ಲಿಸಿ, ಅದರ ಸಾಹಿತ್ಯವನ್ನು ಕೈಯಿಂದ ಬರೆದುಕೊಂಡು ಇಲ್ಲವೇ ಪ್ರಿಂಟ್ ತೆಗೆದುಕೊಂಡು, ಸದ್ದಿಲ್ಲದೆ ಮೊದಲಿಂದ ಕೊನೆಯವರೆಗೆ ಓದಬೇಕು. "ಅಂಕಲ್, ಅವರು ಕಿರುಚೋದ್ರಲ್ಲಿ ಮಾತೇ ಗೊತ್ತಾಗಲ್ಲ, ಇನ್ನೇನು ಹಾನಿ?" ಎಂದು ಆ ಹುಡುಗನೂ ಕೇಳಿದ. ಆದರೆ ತನಗೆ ಇಷ್ಟವಾದ ನಾಲ್ಕು ಹಾಡುಗಳ ಸಾಹಿತ್ಯವನ್ನು ಅವನು ಪುಸ್ತಕ ನೋಡದೆ ಬರೆದುಕೊಟ್ಟ. ಮಾತು ಅವನೊಳಗೆ ಇಳಿದೇ ಇತ್ತು.

ಓದುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ: ಇಲ್ಲಿ ಮಾತಾಡುತ್ತಿರುವವರು ಯಾರು? ಸತ್ಯವೇದದಲ್ಲೂ ದೇವರನ್ನು ದೂಷಿಸಿ ಸಾಯಿ ಎಂದು ಗಂಡನಿಗೆ ಹೇಳುವ ಯೋಬನ ಹೆಂಡತಿಯ ಮಾತಿದೆ; ಆ ಮಾತನ್ನು ದಾಖಲಿಸಿದ್ದಕ್ಕೆ ನಾವು ಯೋಬನ ಗ್ರಂಥವನ್ನು ಮುಚ್ಚಿಡುವುದಿಲ್ಲ. ಮೆಟಾಲಿಕಾ ತಂಡದ 1984ರ 'ಕ್ರೀಪಿಂಗ್ ಡೆತ್' ಹಾಡನ್ನು ಮೇಲುನೋಟಕ್ಕೆ ಓದಿದರೆ ಯಾರೋ ಕೊಲ್ಲಲು ಬರುತ್ತಿರುವ ಮಾತಿನಂತೆ ಕಾಣುತ್ತದೆ. ವಿಮೋಚನಕಾಂಡದ 12ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ: ಐಗುಪ್ತದ ಚೊಚ್ಚಲುಗಳನ್ನು ಹೊಡೆಯಲು ರಾತ್ರಿಯಲ್ಲಿ ಬಂದ ಸಂಹಾರಕನ ದನಿ ಅದು, ಬಾಗಿಲಿಗೆ ಹಚ್ಚಿದ ಕುರಿಮರಿಯ ರಕ್ತವೂ ಅಲ್ಲಿದೆ. ಬ್ಲ್ಯಾಕ್ ಸಬಾತ್ ತಂಡದ 1970ರ 'ವಾರ್ ಪಿಗ್ಸ್' ಮಾಟಗಾತಿಯರ ಹೆಸರೆತ್ತಿಯೇ ಶುರುವಾಗುತ್ತದೆ, ಅಷ್ಟಕ್ಕೇ ಬೆಚ್ಚಿ ಬೀಳುವವರಿದ್ದಾರೆ. ಆದರೆ ಅಲ್ಲಿ ಮಾಟಗಾತಿಯರಿಗೆ ಹೋಲಿಸಲ್ಪಟ್ಟವರು ಬಡವರ ಮಕ್ಕಳನ್ನು ಯುದ್ಧಕ್ಕೆ ಅಟ್ಟುವ ಸೇನಾಪತಿಗಳು. ಕೊನೆಯಲ್ಲಿ ದೇವರ ನ್ಯಾಯತೀರ್ಪು ಬಂದು, ಅವರು ಮೊಣಕಾಲೂರಿ ಕರುಣೆ ಬೇಡುವಾಗ ಸೈತಾನನು ನಗುತ್ತಾನೆ. ಪ್ರವಾದಿ ಆಮೋಸನನ್ನು ಓದಿದವರಿಗೆ ಈ ಕೋಪ ಅಪರಿಚಿತವೆನಿಸದು. ಐರನ್ ಮೇಡನ್ ತಂಡದ 1982ರ 'ದಿ ನಂಬರ್ ಆಫ್ ದಿ ಬೀಸ್ಟ್' ಹಾಡಿಗಾಗಿ ಅಮೆರಿಕದಲ್ಲಿ ಧಾರ್ಮಿಕ ಗುಂಪುಗಳು ಆ ತಂಡದ ರೆಕಾರ್ಡುಗಳನ್ನು ಸುಟ್ಟವು. ಆ ಹಾಡು ಪ್ರಕಟನೆ 12 ಮತ್ತು 13ನೆಯ ಅಧ್ಯಾಯಗಳ ವಾಕ್ಯಗಳಿಂದ ಶುರುವಾಗುತ್ತದೆ. ಅದನ್ನು ಬರೆದ ಸ್ಟೀವ್ ಹ್ಯಾರಿಸ್ ತನಗೆ ಬಿದ್ದ ದುಃಸ್ವಪ್ನವೇ ಅದಕ್ಕೆ ಪ್ರೇರಣೆ ಎಂದಿದ್ದಾನೆ. ಅಲ್ಲಿ ಮಾತಾಡುವವನು ಭಯಂಕರ ದೃಶ್ಯವೊಂದನ್ನು ಕಂಡು ಹೆದರಿದವನು. ಅದೇ ತಂಡದ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ 1999ರಲ್ಲಿ ಕ್ರಿಸ್ತನನ್ನು ಅಂಗೀಕರಿಸಿ, ಆ ಮೇಲೆಯೂ ಅದೇ ತಂಡದಲ್ಲಿ ನುಡಿಸಿದ. ಅವನ ಆ ತೀರ್ಮಾನ ಸರಿಯೇ ಎಂಬುದನ್ನು ಅವನ ಮನಸ್ಸಾಕ್ಷಿಗೆ ಬಿಡುತ್ತೇನೆ. ವಿಷಯ ನಾವು ಅಂದುಕೊಂಡಷ್ಟು ಸುಲಭವಲ್ಲ ಎಂಬುದನ್ನಂತೂ ಅದು ತೋರಿಸುತ್ತದೆ.

ಕಷ್ಟದ ಹಾಡುಗಳೂ ಇವೆ. ಮೆಟಾಲಿಕಾ ತಂಡದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಬೆಳೆದದ್ದು ಕ್ರಿಶ್ಚಿಯನ್ ಸೈನ್ಸ್ ಎಂಬ ಪಂಥದ ಮನೆಯಲ್ಲಿ. ಅವರು ವೈದ್ಯಕೀಯ ಚಿಕಿತ್ಸೆಯ ಬದಲು ಪ್ರಾರ್ಥನೆಯನ್ನು ನೆಚ್ಚುವವರು. ಅವನು ಹುಡುಗನಾಗಿದ್ದಾಗಲೇ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. 1991ರಲ್ಲಿ ಬಂದ 'ದಿ ಗಾಡ್ ದಟ್ ಫೇಲ್ಡ್' ಹಾಡಿನಲ್ಲಿರುವುದು ಆ ದುಃಖ ಮತ್ತು ಸಿಟ್ಟು. ಇದು ಮೋಜಿಗಾಗಿ ಮಾಡಿದ ದೇವದೂಷಣೆಯಲ್ಲ. ಕತ್ತಲೆಯೇ ನನ್ನ ಪರಿಚಿತನೆಂಬಂತೆ ಮುಗಿಯುವ 88ನೆಯ ಕೀರ್ತನೆ ನಮ್ಮ ಬೈಬಲಿನಲ್ಲೇ ಇದೆ; ವ್ಯತ್ಯಾಸವೆಂದರೆ ಕೀರ್ತನೆಗಾರನು ಆ ಅಳುವನ್ನು ದೇವರಿಗೇ ಒಪ್ಪಿಸುತ್ತಾನೆ, ಹಾಡು ದೇವರಿಗೆ ಬೆನ್ನು ತಿರುಗಿಸುತ್ತದೆ. ವಿಶ್ವಾಸದಲ್ಲಿ ನೆಲೆನಿಂತವರು ಇದನ್ನು ಕೇಳಿ ನೊಂದವರಿಗಾಗಿ ಪ್ರಾರ್ಥಿಸಲು ಕಲಿತದ್ದನ್ನು ಕಂಡಿದ್ದೇನೆ. ಆಗಷ್ಟೇ ತಂದೆಯನ್ನು ಕಳೆದುಕೊಂಡು ದೇವರೊಡನೆ ಮುನಿಸಿಕೊಂಡಿದ್ದ ಹುಡುಗಿಯೊಬ್ಬಳಿಗೆ ಇದನ್ನು ಸದ್ಯಕ್ಕೆ ಬದಿಗಿಡು ಮಗಳೇ ಎಂದು ನಾನೇ ಹೇಳಿದ್ದೇನೆ. ಒಂದೇ ಹಾಡಿಗೆ ಎರಡು ಬಗೆಯ ಉತ್ತರ ಕೊಟ್ಟೆನಲ್ಲಾ ಎಂಬ ಅಳುಕು ನನಗಿಲ್ಲ. ಒಬ್ಬನ ಔಷಧಿಯ ಪ್ರಮಾಣ ಇನ್ನೊಬ್ಬನಿಗೆ ಸಲ್ಲದು.

ಎರಡು ವಾರದ ಲೆಕ್ಕ, ಒಂದು ವಾರದ ಉಪವಾಸ

ಮಾತನ್ನು ಓದಿದ ಮೇಲೆ ಫಲವನ್ನು ನೋಡಬೇಕು. ಸಣ್ಣ ಪುಸ್ತಕವೊಂದರಲ್ಲಿ ಎರಡು ವಾರ ದಿನವೂ ಮೂರು ವಿಷಯಗಳನ್ನು ಬರೆಯಲು ಹೇಳುತ್ತೇನೆ: ಯಾವಾಗ, ಏಕೆ ಕೇಳಿದೆ, ಕೇಳಿದ ಮೇಲೆ ಮನಸ್ಸು ಹೇಗಿತ್ತು, ಆ ದಿನ ಪ್ರಾರ್ಥನೆ ಮತ್ತು ಮನೆಯವರೊಡನೆ ಮಾತು ಹೇಗಿದ್ದವು. ಆ ಹುಡುಗನ ಪುಸ್ತಕದ ಒಂದು ಪುಟದಲ್ಲಿ ಹೀಗಿತ್ತು: "ಮಂಗಳವಾರ. ಫಿಸಿಕ್ಸ್ ಟೆಸ್ಟ್ ಆದ ಮೇಲೆ ಬಸ್ಸಲ್ಲಿ 40 ನಿಮಿಷ. ತಲೆ ಹಗುರ ಆಯ್ತು. ರಾತ್ರಿ ಅಮ್ಮನ ಜೊತೆ ತುಂಬಾ ಹೊತ್ತು ಮಾತಾಡಿದೆ." ಮೂರು ದಿನದ ನಂತರದ ಪುಟದಲ್ಲಿ: "ಶುಕ್ರವಾರ. ಅಪ್ಪನ ಜೊತೆ ಜಗಳ. ಬಾಗಿಲು ಹಾಕ್ಕೊಂಡು ಒಂದೇ ಹಾಡು ಒಂಬತ್ತು ಸಲ. ಕುಟುಂಬ ಪ್ರಾರ್ಥನೆಗೆ ಹೋಗಲಿಲ್ಲ." ಎರಡೂ ದಿನ ಕೇಳಿದ್ದು ಒಂದೇ ತಂಡದ ಹಾಡುಗಳು. ನಾನು ಏನನ್ನೂ ಹೇಳಬೇಕಾಗಲಿಲ್ಲ. "ಅಂಕಲ್, ಶುಕ್ರವಾರ ನಾನು ಹಾಡು ಕೇಳಲಿಲ್ಲ, ಸಿಟ್ಟನ್ನ ಸಾಕ್ತಾ ಇದ್ದೆ" ಎಂದು ಅವನೇ ಅಂದ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ಸಂಗೀತವನ್ನು ಇಷ್ಟಪಡುವ 39 ಮಂದಿಗೆ ಮೊದಲು ಸಿಟ್ಟು ಬರಿಸಿ ಆಮೇಲೆ ಕೆಲವರನ್ನು ತಮಗೆ ಬೇಕಾದ ಹಾಡನ್ನು ಕೇಳಲು ಬಿಟ್ಟು ಉಳಿದವರನ್ನು ಸದ್ದಿಲ್ಲದೆ ಕೂರಿಸಿದಾಗ, ಹಾಡು ಕೇಳಿದವರ ಸಿಟ್ಟು ಹೆಚ್ಚಲಿಲ್ಲ, ಉತ್ಸಾಹದ ಭಾವ ಮೂಡಿತು ಎಂದು ಕಂಡುಬಂದಿದೆ. ಅಬ್ಬರದ ಸಂಗೀತ ಎಲ್ಲರನ್ನೂ ಕೋಪಿಷ್ಠರನ್ನಾಗಿ ಮಾಡುತ್ತದೆ ಎಂಬ ಮಾತಿಗೆ ಇದು ತಕ್ಕ ಉತ್ತರವೇ. ಆದರೆ ಪ್ರಯೋಗಾಲಯದ ಕೆಲವು ನಿಮಿಷಗಳು ಪ್ರಾರ್ಥನೆಯ ಅಳತೆಗೋಲಾಗಲಾರವು. ಅದಕ್ಕೆ ನಮ್ಮ ಬಳಿ ಇರುವುದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಪಟ್ಟಿ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ. ಪುಸ್ತಕದ ಪುಟಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ಓದಿಕೊಳ್ಳಬೇಕು.

ಮೂರನೆಯ ವಾರ ಪೂರ್ತಿ ಮೆಟಲ್ ಕೇಳದೆ ಇರಬೇಕು. ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲದಲ್ಲಿ ಇದನ್ನು ಮಾಡಿದರೆ ಮನೆಯವರ ಬೆಂಬಲವೂ ಸುಲಭವಾಗಿ ಸಿಗುತ್ತದೆ. ಬಿಟ್ಟಿರಲು ಸಾಧ್ಯವಾಯಿತೇ, ಎಷ್ಟು ಚಡಪಡಿಸಿತು, ಆ ಖಾಲಿ ಹೊತ್ತಿನಲ್ಲಿ ಏನು ಮಾಡಿದೆ ಎಂಬುದನ್ನು ಗಮನಿಸಿ. ಎಲ್ಲದಕ್ಕೂ ನನಗೆ ಸ್ವಾತಂತ್ರ್ಯವಿದ್ದರೂ ಯಾವುದಕ್ಕೂ ಅಧೀನನಾಗೆನು ಎಂದ ಪೌಲನ ಮಾತಿನ ಪರೀಕ್ಷೆ ಇದು. ಒಂದು ವಾರವೂ ಬಿಡಲಾಗದಿದ್ದರೆ ಆ ಹಾಡಿನ ಸಾಹಿತ್ಯ ಎಷ್ಟೇ ನಿರ್ದೋಷಿಯಾಗಿದ್ದರೂ ಅದು ಯಜಮಾನನ ಕುರ್ಚಿಯಲ್ಲಿ ಕುಳಿತಿದೆ ಎಂದೇ ಅರ್ಥ. ಕ್ರಿಕೆಟ್ಟಿಗೂ ಧಾರಾವಾಹಿಗೂ ಈ ಪರೀಕ್ಷೆ ಇಷ್ಟೇ ಸಲ್ಲುತ್ತದೆ ಎಂಬುದನ್ನು ಹಿರಿಯರಿಗೂ ಹೇಳುತ್ತೇನೆ.

ಕ್ರೈಸ್ತ ಮೆಟಲ್ ಎಂಬ ಹೆಸರಿನ ಬಗ್ಗೆ

ಪರೀಕ್ಷೆಯ ಶ್ರಮವೇ ಬೇಡ, ಕ್ರೈಸ್ತ ತಂಡಗಳನ್ನೇ ಕೇಳಿದರಾಯಿತು ಎನ್ನುವವರಿದ್ದಾರೆ. ತಂಡಗಳೇನೋ ಬೇಕಾದಷ್ಟಿವೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ತಂಡ ಯೆಶಾಯ 53:5ರ ಬಾಸುಂಡೆಗಳ ಮಾತನ್ನು ತನ್ನ ಗುರುತಾಗಿ ಇಟ್ಟುಕೊಂಡು, ಸಂಗೀತ ಕಛೇರಿಗಳಲ್ಲಿ ಜನರತ್ತ ಬೈಬಲ್‌ಗಳನ್ನು ಎಸೆಯುತ್ತಿತ್ತು. ಫಿನ್ಲೆಂಡಿನಲ್ಲಿ 2006ರಿಂದ ಲುಥೆರನ್ ಸಭೆಯ ಆರಾಧನಾ ಕ್ರಮವನ್ನೇ ಮೆಟಲ್ ಸಂಗೀತದಲ್ಲಿ ನಡೆಸುವ ಮೆಟಲ್ ಮಾಸ್ ನಡೆದಿದೆ. ಈ ದಾರಿಯಲ್ಲಿ ಪ್ರಾಮಾಣಿಕರಿದ್ದಾರೆಂದು ನಾನು ಮನಸಾರೆ ನಂಬುತ್ತೇನೆ. ಆದರೂ ಹಣೆಪಟ್ಟಿ ಭರವಸೆಯಲ್ಲ: ಕ್ರೈಸ್ತ ತಂಡವೆಂದೇ ಹೆಸರಾಗಿದ್ದ ಒಂದು ಮೆಟಲ್ ತಂಡದ ಗಾಯಕ 2014ರಲ್ಲಿ ಘೋರ ಅಪರಾಧಕ್ಕಾಗಿ ಜೈಲಿಗೆ ಹೋದಾಗ, ಅದಕ್ಕೆ ಬಹಳ ಮುಂಚೆಯೇ ತನ್ನ ವಿಶ್ವಾಸ ಹೋಗಿತ್ತೆಂದು ಒಪ್ಪಿಕೊಂಡ. ಕಾಗದ, ಪುಸ್ತಕ, ಉಪವಾಸ ಈ ಹಾಡುಗಳಿಗೂ ಬೇಕು.

ಪಕ್ಕದಲ್ಲಿ ಕುಳಿತವರ ಮನಸ್ಸಾಕ್ಷಿ

ನನಗೆ ಹಾನಿಯಿಲ್ಲವೆಂದು ಖಚಿತವಾದ ಹಾಡು ಇನ್ನೊಬ್ಬರಿಗೆ ಎಡವುಗಲ್ಲಾಗಬಹುದು. ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯದಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದು ಇಲ್ಲಿ ನೇರವಾಗಿ ಸಲ್ಲುತ್ತದೆ. ಮಾಟಮಂತ್ರದ ಬದುಕಿನಿಂದ ಹೊರಬಂದ ಸಹೋದರನೊಬ್ಬ ನಮ್ಮ ಸಂಘದಲ್ಲಿದ್ದ. ತಲೆಬುರುಡೆಯ ಚಿತ್ರವಿರುವ ಟೀ ಶರ್ಟ್ ಕಂಡರೂ ಅವನ ಕೈ ನಡುಗುತ್ತಿತ್ತು. ಅಂಥವನ ಮುಂದೆ ನನ್ನ ಸ್ವಾತಂತ್ರ್ಯವನ್ನು ಮೆರೆಸುವುದು ಪ್ರೀತಿಯಲ್ಲ. ಕಾಯಿರ್ ಅಭ್ಯಾಸಕ್ಕೆ ಬರುವಾಗ ಅಂಥ ಟೀ ಶರ್ಟ್ ಬೇಡವೆಂದು ಹುಡುಗರು ತಾವೇ ತೀರ್ಮಾನಿಸಿಕೊಂಡರು. ಇತ್ತ, ಕೇಳದಿರುವವರು ಕೇಳುವವನಿಗೆ ತೀರ್ಪು ಮಾಡಬಾರದೆಂದೂ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ ಅಷ್ಟೇ ಖಡಾಖಂಡಿತವಾಗಿ ಹೇಳುತ್ತದೆ. ಆ ಅರ್ಧವನ್ನು ನಾವು ಮರೆಯುವುದೇ ಹೆಚ್ಚು.

ಕಿವಿಯ ಮಾತನ್ನೂ ಇಲ್ಲೇ ಸೇರಿಸುತ್ತೇನೆ, ಏಕೆಂದರೆ ಶರೀರ ಪವಿತ್ರಾತ್ಮನ ಆಲಯವೆಂದು ನಂಬುವವರು ಕಿವಿಯನ್ನು ಕೆಡಿಸಿಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬೆಲ್ ಸದ್ದನ್ನು ನಾಲ್ಕೇ ಗಂಟೆ. ಫೋನಿನ ದನಿಯನ್ನು ಅರ್ಧದ ಆಸುಪಾಸಿನಲ್ಲಿಡಿ, ಸಂಗೀತ ಕಛೇರಿಗೆ ಹೋದರೆ ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ, ಹಾಡು ಹಚ್ಚಿಕೊಂಡೇ ಮಲಗುವುದನ್ನು ಬಿಡಿ.

ತಂದೆತಾಯಿಗಳು ಮಾಡಬೇಕಾದದ್ದು

ಫೋನು ಕಿತ್ತುಕೊಳ್ಳುವುದು, ಗೋಡೆಯ ಚಿತ್ರ ಹರಿಯುವುದು ಎರಡೂ ಬೇಡ. ಮಕ್ಕಳಿಗೆ ಕೋಪ ಎಬ್ಬಿಸಬೇಡಿರೆಂಬ ಎಫೆಸದ ಪತ್ರಿಕೆಯ ಮಾತು ತಂದೆಗಳಿಗೇ ಬರೆದದ್ದು. ಹನ್ನೆರಡು ವರ್ಷದ ಮಗುವಿಗೆ ಇಂಥದ್ದು ಬೇಡವೆಂದು ತೀರ್ಮಾನಿಸುವ ಅಧಿಕಾರ ನಿಮಗಿದೆ, ಅದನ್ನು ಬಳಸಿ. ಹದಿನೇಳರ ಮಗನೊಡನೆ ಕುಳಿತು ಕೇಳಬೇಕಾಗುತ್ತದೆ. ಒಂದು ಹಾಡನ್ನು ಪೂರ್ತಿ ಕೇಳಿ, "ಇದರಲ್ಲಿ ನಿಂಗೆ ಏನು ಇಷ್ಟ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ. ಮಗು ಊಟ, ನಿದ್ದೆ, ಗೆಳೆಯರನ್ನು ಬಿಟ್ಟು ಮುದುಡಿಕೊಂಡಿದ್ದರೆ, ಸಾಯುವ ಮಾತಾಡಿದರೆ, ಹಾಡನ್ನು ದೂರುತ್ತಾ ಹೊತ್ತು ಕಳೆಯಬೇಡಿ. ಸಭೆಯ ಅಯ್ಯನವರಿಗೆ (ಪಾಸ್ಟರರಿಗೆ) ತಿಳಿಸಿ, ಅದೇ ದಿನ ವೈದ್ಯರಲ್ಲಿಗೂ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ.

ಆ ತಾಯಿ ಮಗ ಮೂರು ವಾರ ಕಳೆದ ಮೇಲೆ ಮತ್ತೆ ಬಂದರು. ಹುಡುಗ ಹನ್ನೊಂದು ಹಾಡುಗಳನ್ನು ತಾನಾಗಿ ಅಳಿಸಿದ್ದ, ಎರಡರ ಬಗ್ಗೆ ಇನ್ನೂ ತೀರ್ಮಾನವಾಗಿರಲಿಲ್ಲ, ಉಳಿದವನ್ನು ಇಟ್ಟುಕೊಂಡಿದ್ದ. ತೀರ್ಮಾನವಾಗದ ಒಂದು ಹಾಡಿನ ಕಾಗದವನ್ನು ತಾಯಿಯೇ ಚೀಲದಿಂದ ತೆಗೆದು ಮೇಜಿನ ಮೇಲೆ ಹರಡಿದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಮಗ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದ. ಅರ್ಧಕ್ಕೆ ಬಂದಾಗ ಅವರು ಕನ್ನಡಕ ಸರಿಮಾಡಿಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಮಾತಾಡ್ತಿರೋದು ಯಾರು ಕಂದಾ?"